ಸತ್ತು ಸತ್ತು ಹುಟ್ಟುವ ಪೆಟ್ಟಿಗೆ

ಶನಿವಾರ ಬೆಳಿಗ್ಗೆ, ಬೇಯಿಸಿದ ಮರಗೆಣಸನ್ನು ಅಪಿಸಾಯಿ ಬಾಯಿಗಿಡುವ ಗಳಿಗೆಯಲ್ಲಿ, ಅವನ ಕಂಪ್ಯೂಟರು ಹೇಳದೆ ಕೇಳದೆ ಪ್ರಾಣ ಬಿಟ್ಟಿತು. ಗೆಣಸು ಗಂಟಲಿಗಿಳಿಯುವ ಮೊದಲೇ ತಾನಾಗಿ ಮತ್ತೆ ಹುಟ್ಟಿತು. ಮುಂದಿನ ತುತ್ತಿಗೆ ಮತ್ತೆ ಸತ್ತಿತು. ಲಾಮಿ ಗುಡ್ಡದ ನಮ್ಮ ಕೇರಿಯವರು ಸಾಮಾನ್ಯರಲ್ಲ. ಚಂಡಮಾರುತಕ್ಕೆ ತಗಡಿನ ಸೂರು ಹಾರಿ, ಪಕ್ಕದ ದ್ವೀಪದಲ್ಲಿ ಇನ್ಯಾರದೋ ಗೋಡೆಗಳ ಮೇಲೆ ಅಳತೆ ತಪ್ಪದೆ ಕೂತದ್ದನ್ನು ಕಂಡವರು. ಆದರೆ ತಿಂಡಿ ಮುಗಿಯುವುದರೊಳಗೆ ಇಷ್ಟು ಸಲ ಪುನರುತ್ಥಾನವಾದದ್ದನ್ನು ನಮ್ಮ ಪಾದ್ರಿಯೂ ಕಂಡಿರಲಿಲ್ಲ.

ಬೇರೆ ದಿನವಾಗಿದ್ದರೆ ಅಪಿಸಾಯಿ ಅದನ್ನು ಅದರ ಪಾಡಿಗೆ ಬಿಡುತ್ತಿದ್ದ. ಆದರೆ ಅಂದು ಸಂಜೆ ನಾಲ್ಕಕ್ಕೆ ರಗ್ಬಿ ಸೆವೆನ್ಸ್ ಫೈನಲ್ಲು. ನಮ್ಮವರಿಗೂ ನ್ಯೂಜಿಲೆಂಡಿಗೂ. ಅಪಿಸಾಯಿ ಹುಟ್ಟಿದಾಗಿನಿಂದ ಫೈನಲ್ ನೋಡಿದ್ದೆಲ್ಲ ಪರರ ಮನೆಯ ಕಿಟಕಿಯಲ್ಲಿ, ಇನ್ನೊಬ್ಬರ ಕಂಕುಳ ಸಂದಿಯಲ್ಲಿ. ಅಂಚೆ ಕಚೇರಿಯಿಂದ ನಿವೃತ್ತನಾದವನು ಆ ದುಡ್ಡಿನಲ್ಲಿ ಕಂಪ್ಯೂಟರು ಕೊಂಡದ್ದು ಒಂದೇ ಆಸೆಗೆ: ತನ್ನ ಕುರ್ಚಿಯಲ್ಲಿ ಕೂತು, ತನ್ನ ಪರದೆಯಲ್ಲಿ, ಒಬ್ಬನೇ, ಒಂದು ಫೈನಲನ್ನು ಪೂರ್ತಿ ನೋಡಬೇಕು.

“ಥೂ, ನಿನ್ನ!” ಎಂದು ಅವನು ಮೆಲ್ಲಗೆ ಬೈದ. ನಮ್ಮ ಕೇರಿಯಲ್ಲಿ ಮೆಲ್ಲಗೆ ಬೈದದ್ದು ಬಂದರಿನಲ್ಲಿ ನಿಂತ ಹಡಗಿಗೂ ಕೇಳಿಸುತ್ತದೆ. ಬೇಲಿಯಾಚೆಯಿಂದ ಸಾಕಿಯೂಸನ ತಲೆ ಎದ್ದಿತು. ಹಳೆಯ ಬಸ್ ಡ್ರೈವರು, ಅಪಿಸಾಯಿಗೆ ಸೋದರತ್ತೆಯ ಮಗ. ಅಂದರೆ, ನಮ್ಮ ಪದ್ಧತಿಯಂತೆ, ಅಪಿಸಾಯಿಯನ್ನು ಸಾಯುವ ತನಕ ಗೇಲಿ ಮಾಡುವ ಹಕ್ಕು ಹುಟ್ಟಿನಿಂದ ಪಡೆದವನು.

“ಏನ್ ಭಾವ, ಅಕ್ಕ ಬೆಳ್‌ಬೆಳಗ್ಗೇನೇ ಬಾರಿಸಿದ್ಲಾ?”

“ಕಂಪ್ಯೂಟ್ರು ಕಣೋ. ತಾನೇ ಆಫ್ ಆಗುತ್ತೆ, ತಾನೇ ಆನ್ ಆಗುತ್ತೆ.”

“ಹಂಗಾದ್ರೆ ನಿನಗಿಂತ ವಾಸಿ. ನೀನು ಆಫ್ ಆದ್ರೆ ಊಟದ ತನಕ ಆನ್ ಆಗಲ್ಲ.” ಅಷ್ಟರಲ್ಲಿ ಅವನು ಬೇಲಿ ದಾಟಿ ಒಳಗೇ ಬಂದಿದ್ದ. “ಬಿಸಿ ಏರಿದೆ. ಗುಡ್ಡ ಹತ್ತುವಾಗ ನನ್ನ ಬಸ್ಸೂ ಹಿಂಗೇ ಮಾಡ್ತಿತ್ತು. ಬಾನೆಟ್ ತೆಗಿ!”

ಬಾನೆಟ್ಟು ಇಲ್ಲದ್ದರಿಂದ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದರು. ಸಾಕಿಯೂಸ ತನ್ನ ಮನೆಯ ಟೇಬಲ್ ಫ್ಯಾನು ತಂದು ಅದರ ಮೂಗಿಗೇ ಹಿಡಿದ. ಎದ್ದ ಧೂಳಿಗೆ ಕೋಳಿಗಳು ಕತ್ತಲಾಯಿತೆಂದು ಗೂಡಿಗೆ ಹೋದವು. ಕಂಪ್ಯೂಟರು ಒಂದು ಸೀನು ಸೀನುವಷ್ಟು ಹೊತ್ತು ಬದುಕಿ, ಸತ್ತು, ಹುಟ್ಟಿತು.

“ಇದು ದೊಡ್ಡ ಡಾಕ್ಟರ್ ಕೇಸು,” ಎಂದು ಸಾಕಿಯೂಸ ಓಡಿಹೋಗಿ ಇನೋಕೆಯನ್ನು ಕರೆತಂದ. ಇನೋಕೆ ಸರ್ಕಾರಿ ಕಚೇರಿಯವನು. ಸಾಹೇಬರ ಕಂಪ್ಯೂಟರಿನ ಗುಂಡಿ ಒತ್ತುವುದು ಅವನ ಕೆಲಸ. ಆ ಬೆರಳನ್ನು ಅವನು ಬೇರೆ ಯಾವ ಕೆಲಸಕ್ಕೂ ಹಚ್ಚುತ್ತಿರಲಿಲ್ಲ. ಅವನ ಬೆನ್ನಿಗೆ ಅರ್ಧ ಕೇರಿ ಬಂತು.

ಇನೋಕೆ ಚಾಪೆಯ ಮೇಲೆ ಕೂತ. ಪೆಟ್ಟಿಗೆಯ ಕಡೆ ನೋಡಲೇ ಇಲ್ಲ. “ಯಂಗೋನ ಎಲ್ಲಿ?”

ಅದೂ ಸರಿಯೇ. ಯಂಗೋನ ಬೇರು ಮುಂದಿಡದೆ ನಮ್ಮಲ್ಲಿ ಯಾರೂ ಯಾರಿಂದಲೂ ಉಪಕಾರ ಕೇಳುವುದಿಲ್ಲ. ಬೇರು ಬಂತು, ಕುಟ್ಟಿದರು, ಕುಡಿಯಲು ನೀರಿನಲ್ಲಿ ಕದಡಿದರು. ಹಿರಿಯನೊಬ್ಬ ಎದ್ದು ಕಂಪ್ಯೂಟರಿನ ಹುಟ್ಟು, ಕುಲ, ಅದು ಕಡಲು ದಾಟಿ ಬಂದ ಬಗೆಯನ್ನು ಭಾಷಣವಾಗಿ ಹೇಳಿದ. ಯಂಗೋನ ತುಂಬಿದ ತೆಂಗಿನ ಚಿಪ್ಪು ಕೈಯಿಂದ ಕೈಗೆ ಸುತ್ತು ಹೊಡೆಯಿತು, ಚಪ್ಪಾಳೆ ಬಿತ್ತು. ಪರದೆ ಆರುತ್ತ ಹತ್ತುತ್ತ ಮೂಲೆಯಲ್ಲಿ ಕಣ್ಣು ಹೊಡೆಯುತ್ತಿತ್ತು. ಅಪಿಸಾಯಿ ಗಡಿಯಾರ ನೋಡಿದ. ಅದೊಂದು ಮಾತ್ರ ನಿಲ್ಲದೆ ನಡೆಯುತ್ತಿತ್ತು.

“ಮೆಮೊರಿ ಸಡಿಲ,” ಎಂದು ಕೊನೆಗೆ ಇನೋಕೆ ತೀರ್ಪಿತ್ತ. ಪಟ್ಟಿಯಂಥದ್ದೊಂದನ್ನು ಕಿತ್ತು, ರಬ್ಬರಿನಿಂದ ಉಜ್ಜಿ, ಮತ್ತೆ ಸಿಕ್ಕಿಸಿದ. ಕಂಪ್ಯೂಟರು ಸತ್ತಿತು. ಇನೋಕೆಯ ಮುಖ ಮಾತ್ರ ಬಾಡಲಿಲ್ಲ. “ಮೆಮೊರಿ ಸರಿಯಾಯ್ತು. ಹಂಗಾದ್ರೆ ಇದು ವೈರಸ್ಸು. ನೋಡಬಾರದ್ದು ನೋಡಿದ್ರೆ ಬರುತ್ತೆ.”

ಅಡಿಗೆಮನೆಯಿಂದ ಹೆಂಡತಿ ವಿಲಿಮೈನಾ ಸೌಟು ಹಿಡಿದೇ ಬಂದಳು. “ಏನ್ರೀ ನೋಡಿದ್ರಿ?”

“ರಗ್ಬಿ ಕಣೆ! ದೇವರಾಣೆ ರಗ್ಬಿ!”

“ರಗ್ಬಿ ನೋಡಿದ್ರೆ ರೋಗ ಬರೋದಾದ್ರೆ ಈ ದೇಶದಲ್ಲಿ ಒಬ್ಬ ಗಂಡಸೂ ಉಳೀತಿರ್ಲಿಲ್ಲ. ಎಲ್ರೂ ಕಣ್ಮುಚ್ಚಿ!”

ಅವಳು ಪ್ರಾರ್ಥನೆ ಹಿಡಿದಳು. ವಿಲಿಮೈನಾ ಪ್ರಾರ್ಥನೆ ಮಾಡಿದರೆ ದೇವರಿಗೂ ಬಿಡುವು ಸಿಗುವುದಿಲ್ಲ. ಎಲ್ಲರೂ “ಆಮೆನ್” ಎಂದರು. ಕಂಪ್ಯೂಟರು ಸರಿಯಾಗಿ ಅದೇ ಗಳಿಗೆಗೆ ಸತ್ತು ಹುಟ್ಟಿತು.

“ಬಿಸಿಯೇ ಅಂತ ಅವಾಗ್ಲೇ ಹೇಳ್ದೆ!” ಎಂದು ರೇಗಿದ ಸಾಕಿಯೂಸ, ತಂತಿ ಕಿತ್ತು, ಕಿಟಕಿಯ ಗಾಳಿಗೆ ಇಡಲೆಂದು ಪೆಟ್ಟಿಗೆಯನ್ನು ಹಂದಿಮರಿಯಂತೆ ಎತ್ತಿದ. ಅದರ ಹೊಟ್ಟೆಯಿಂದ ಒಂದು ಕೆಂಪು ಎಳೆ ಇಳಿಬಿದ್ದಿತ್ತು. ಎಳೆದ. ಕೆಂಪು ಮುಗಿದು ಹಸಿರು ಬಂತು. ಹಸಿರಿನ ಹಿಂದೆ ಹಳದಿ. ಎಳೆಯುತ್ತ ಎಳೆಯುತ್ತ ಅವನು ಅಂಗಳ ದಾಟಿ ರಸ್ತೆಗಿಳಿದ ಎಂದು ನಾನು ಹೇಳಿದರೆ ನಂಬದವರು ಬಂದು ರಸ್ತೆಯನ್ನೇ ಕೇಳಬಹುದು.

“ಅಯ್ಯೋ, ನನ್ನ ಚಾಪೆ ಕುಚ್ಚು!” ಎಂದು ವಿಲಿಮೈನಾ ಚೀರಿದಳು. ಇಷ್ಟು ದುಬಾರಿಯ ವಸ್ತುವನ್ನು ಬರಿ ನೆಲದ ಮೇಲಿಟ್ಟರೆ ಮರ್ಯಾದೆಯೇ ಎಂದು, ಮದುವೆಗೆ ಹಾಸುವ ಉಣ್ಣೆ ಕುಚ್ಚಿನ ಚಾಪೆಯನ್ನು ಅವಳೇ ಅದರ ಬುಡಕ್ಕೆ ಹಾಸಿದ್ದಳು. ಪೆಟ್ಟಿಗೆ ಗಾಳಿಯೆಳೆಯುವ ತೂತು ಇದ್ದದ್ದು ಬುಡದಲ್ಲೇ. ಅದು ಗಾಳಿಯ ಬದಲು ಕುಚ್ಚು ನುಂಗಿ, ಒಳಗಿನ ಫ್ಯಾನಿಗೆ ಎಳೆ ಸುತ್ತಿಕೊಂಡು ಬಿಸಿಯೇರಿತ್ತು.

ಹಲಗೆಯ ಮೇಲೆ ಇಟ್ಟು ತಂತಿ ಸಿಕ್ಕಿಸಿದರು. ಸಾಯಲಿಲ್ಲ. ಕಾದರು. ಆಗಲೂ ಸಾಯಲಿಲ್ಲ. ನಾಲ್ಕಕ್ಕೆ ಇನ್ನೂ ಸಮಯವಿತ್ತು. ಅಪಿಸಾಯಿಯ ಕಣ್ಣು ತುಂಬಿತು.

ಸಾಕಿಯೂಸ ಆಗಲೇ ಫೋನು ಕಿವಿಯಿಂದ ಇಳಿಸುತ್ತಿದ್ದ. “ನಾನೇ ರಿಪೇರಿ ಮಾಡ್ದೆ ಅಂತ ಎಲ್ರಿಗೂ ಹೇಳ್ದೆ ಭಾವ. ನಿನ್ನ ಅಳಿಯ ಟೊಮಾಸಿಗೂ ಹೇಳ್ದೆ. ಲಾರಿ ತಗೊಂಡ್ ಹೊರಟ.”

ಅಪಿಸಾಯಿ ಗೋಡೆ ಹಿಡಿದುಕೊಂಡ. ಟೊಮಾಸಿ ಅವನ ಅಕ್ಕನ ಮಗ. ಸೋದರಮಾವನ ಮನೆಯಲ್ಲಿ ಅಳಿಯ ಯಾವುದರ ಮೇಲೆ ಕೈಯಿಟ್ಟರೆ ಅದು ಅಳಿಯನದು. ಮಾವನಾದವನು ಚಪ್ಪಾಳೆ ತಟ್ಟಿ ‘ವಿನಾಕಾ’ ಎಂದು ಕೃತಜ್ಞತೆ ಹೇಳಬೇಕು, ಇಲ್ಲವೆಂದರೆ ಕುಲಕ್ಕೆ ಅವಮಾನ. ಇದು ನಮ್ಮ ಹಿರಿಯರು ಕೊಟ್ಟ ಹಕ್ಕು. ಹಿರಿಯರೆಲ್ಲ ಅಳಿಯಂದಿರಾಗಿದ್ದಾಗ ಮಾಡಿದ ಕಾನೂನಿರಬೇಕು. ಟೊಮಾಸಿ ಈಗಾಗಲೇ ಮಾವನ ದೋಣಿಯ ಇಂಜಿನ್ನು, ಹಂದಿ, ಚರ್ಚಿಗೆ ಹಾಕುವ ಕೋಟು ಒಯ್ದಿದ್ದ. ಆದರೆ ಕೆಟ್ಟ ವಸ್ತುವನ್ನು ಅವನು ಎಂದೂ ಮುಟ್ಟಿರಲಿಲ್ಲ.

ಕೆಟ್ಟ ವಸ್ತು! ಅಪಿಸಾಯಿಯ ತಲೆಯಲ್ಲಿ ದೀಪ ಹತ್ತಿತು. ಪೆಟ್ಟಿಗೆಯ ಮುಂದೆಯೇ ಕುರ್ಚಿ ಹಾಕಿಕೊಂಡು, ಉಟ್ಟಿದ್ದ ಸುಲು ಪಂಚೆಯ ಅಂಚನ್ನು ಪಾದದ ಮೇಲೆ ಇಳಿಬಿಟ್ಟು, ಮರೆಯಲ್ಲಿ ಕಾಲಿನ ಹೆಬ್ಬೆರಳನ್ನು ಆಫ್ ಮಾಡುವ ಗುಂಡಿಯ ಮೇಲಿಟ್ಟು ಕೂತ.

ಬಾಗಿಲು ಕತ್ತಲಾಯಿತು. ಟೊಮಾಸಿ ಒಳಗೆ ಬಂದ. ಅವನು ಬಂದರೆ ಮನೆಯೇ ಅವನಿಗೆ ದಾರಿ ಬಿಟ್ಟು ಸರಿಯುತ್ತದೆ.

“ಬುಲಾ ಮಾವ! ಸರಿಹೋಯ್ತಂತೆ?”

“ಎಲ್ಲಿ ಸರಿ, ಮಗಾ,” ಎಂದ ಅಪಿಸಾಯಿ. ಹೆಬ್ಬೆರಳು ಒತ್ತಿದ. ಆಟ ಶುರುವಾಗುವುದಕ್ಕೂ ಪರದೆ ಕಪ್ಪಾಗುವುದಕ್ಕೂ ಸರಿಹೋಯಿತು.

“ಏ, ನಾನು ಸರಿ ಮಾಡಿದ್ದೆ ಕಣೋ!” ಎಂದು ಸಾಕಿಯೂಸ ತಲೆ ಕೆರೆದ.

ಸೆವೆನ್ಸ್ ಎಂದರೆ ಚಹಾ ಆರುವುದರೊಳಗೆ ಮುಗಿಯುವ ಆಟ. ಪರದೆ ಮರಳಿದಾಗ ನಮ್ಮ ಹುಡುಗನೊಬ್ಬ ಚೆಂಡು ಹಿಡಿದು ಓಡುತ್ತಿದ್ದ. ಅಪಿಸಾಯಿಯ ಜೀವ ಅವನ ಹಿಂದೆಯೇ ಓಡಿತು. ಅಷ್ಟರಲ್ಲಿ ಟೊಮಾಸಿ, “ಈಗ ಚೆನ್ನಾಗ್ ಬಂತಲ್ಲ ಮಾವ!” ಎಂದು ಪೆಟ್ಟಿಗೆಯತ್ತ ಕೈ ಚಾಚಿದ. ಹೆಬ್ಬೆರಳು ಒತ್ತಿತು. ಕೆಳಗಿನ ಮನೆಗಳಿಂದ “ಹೋ!” ಎಂಬ ಕೂಗು ಗುಡ್ಡ ಹತ್ತಿ ಬಂತು.

“ಇಲ್ಲಿದ್ರೆ ಕೆಡ್ತೀವಿ,” ಎಂದು ಇನೋಕೆ ಎದ್ದ. ಒಬ್ಬೊಬ್ಬರಾಗಿ ಟಿ.ವಿ. ಇದ್ದ ಮನೆಗಳಿಗೆ ಜಾರಿದರು. ವಿಲಿಮೈನಾಳೂ ಹೋದಳು. ಉಳಿದವನು ಟೊಮಾಸಿ ಒಬ್ಬನೇ. “ಮಾವನ್ನ ಒಬ್ನೇ ಬಿಟ್ಟು ಹೋಗ್ತೀನಾ?” ಎಂದು ಪಕ್ಕದಲ್ಲೇ ಕೂತ. ಅಪಿಸಾಯಿ ಒತ್ತಿದ, ಕಾದ, ಒತ್ತಿದ. ಬೆವರು ಸುರಿಯಿತು, ಕಾಲು ಜೋಮು ಹಿಡಿಯಿತು. ಕೇರಿ ಮೂರು ಸಲ ಕೂಗಿತು, ಒಂದು ಸಲ ಅತ್ತಿತು, ಕೊನೆಗೆ ಪಾತ್ರೆ ಬಡಿಯಿತು. ಯಾವುದು ಯಾವುದಕ್ಕೆಂದು ಅವನಿಗೆ ತಿಳಿಯಲಿಲ್ಲ.

ಟೊಮಾಸಿ ನಿಟ್ಟುಸಿರಿಟ್ಟು ಎದ್ದ.

“ನಿಜ ಹೇಳ್ಲಾ ಮಾವ? ನಾನು ಇವತ್ತು ಏನೂ ಒಯ್ಯೋಕೆ ಬಂದಿರ್ಲಿಲ್ಲ. ‘ಮಾವನ ಮನೆ ಬೋಳಿಸಿದ್ದು ಸಾಕು, ಜೊತೇಲಿ ಕೂತು ಆಟ ನೋಡ್ಕೊಂಡ್ ಬಾ’ ಅಂತ ಅಮ್ಮ ಬೈದು ಕಳಿಸಿದ್ಲು. ಇದು ಚೆನ್ನಾಗಿ ನಡೀತಿದ್ರೆ ಮುಟ್ತಾನೇ ಇರ್ಲಿಲ್ಲ. ಆದ್ರೆ ಈ ಶನಿ ನಿನ್ನ ಪ್ರಾಣ ತಿಂತಿದೆ. ನಿನ್ನ ಬೆವರು ನೋಡು! ನನ್ ಕೈಲಿ ನೋಡಕ್ಕಾಗಲ್ಲ. ಒಯ್ದು ಗುಜರಿಗೆ ಹಾಕ್ಬಿಡ್ತೀನಿ.”

ಅಪಿಸಾಯಿ ಬಾಯಿ ತೆರೆದ. ಕೆಟ್ಟಿಲ್ಲವೆಂದರೆ ಅಳಿಯನಿಂದ ಬಚ್ಚಿಟ್ಟ ಮಾವನೆಂಬ ಹೆಸರು ಮೊಮ್ಮಕ್ಕಳ ತನಕ ಉಳಿಯುತ್ತದೆ. ಬಾಯಿ ಮುಚ್ಚಿದ. ಪೆಟ್ಟಿಗೆ ಟೊಮಾಸಿಯ ಹೆಗಲೇರಿ, ಲಾರಿಯೇರಿತು.

ಬೇಲಿಯ ಮೇಲೆ ಸಾಕಿಯೂಸನ ತಲೆ ಎದ್ದಿತು. “ಗೆದ್ವಿ ಭಾವ! ಕೊನೇ ಗಳಿಗೇಲಿ! ನೋಡ್ದೆ ತಾನೇ?”

ಅಪಿಸಾಯಿ ಹೊಸ್ತಿಲಲ್ಲಿ ನಿಂತು, ಹೊರಟ ಲಾರಿಯತ್ತ ಮುಖ ಮಾಡಿ, ಅಂಗೈ ಬೋಗುಣಿ ಮಾಡಿ ಚಪ್ಪಾಳೆ ತಟ್ಟಿದ. “ವಿನಾಕಾ,” ಎಂದ. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

“ನೋಡ್ರೋ ನಮ್ಮ ಭಾವನ್ನ!” ಎಂದು ಸಾಕಿಯೂಸ ಕೇರಿಗೆಲ್ಲ ಕೇಳುವಂತೆ ಕೂಗಿದ. “ಒಬ್ನೇ ಕೂತು ನೋಡಿದ್ರೆ ಖುಷೀನೇ ಬೇರೆ!”