ಕಲೆ ಬೀಳದ ಧೋತರ

ಜನ ಎಂತೆಂಥದಕ್ಕೋ ಹೊಟ್ಟೆಕಿಚ್ಚು ಪಡುತ್ತಾರೆ. ಪಕ್ಕದವನ ಹೊಲಕ್ಕೆ ಕಾಲುವೆ ನೀರು ಹರಿದರೆ ಪಡುತ್ತಾರೆ, ಷಡ್ಡಕ ಸೈಕಲ್ ಕೊಂಡರೆ ಪಡುತ್ತಾರೆ. ಇವೆಲ್ಲ ಮರ್ಯಾದಸ್ಥರ ಹೊಟ್ಟೆಕಿಚ್ಚುಗಳು, ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಹೇಳಿಕೊಂಡರೂ ಅಡ್ಡಿಯಿಲ್ಲ. ನನ್ನದು ಆ ಜಾತಿಗೆ ಸೇರಿದ್ದಲ್ಲ. ನಾನು ಹೊಟ್ಟೆಕಿಚ್ಚು ಪಟ್ಟದ್ದು ಇನ್ನೊಬ್ಬರ ಅಂಗಿಯ ಮೇಲಿನ ಅರಿಸಿನದ ಕಲೆಗೆ. ಹೀಗೆಂದು ಹೇಳಿದರೆ ವೈದ್ಯರು ಕೂಡ ನಾಲಗೆ ತೋರಿಸು ಎಂದಾರು. ಆದ್ದರಿಂದ ಇಷ್ಟು ದಿನ ಸುಮ್ಮನಿದ್ದೆ.

ಆಗ ನಾನು ಮೂಡಲಗಿ ಕಡೆಯ ಒಂದು ಊರಿನ ಶಾಲೆಯಲ್ಲಿ ಇತಿಹಾಸ ಕಲಿಸುವ ಮಾಸ್ತರನಾಗಿದ್ದೆ. ನಮ್ಮ ಸೀಮೆ ಇನ್ನೂ ಮುಂಬಯಿ ಸರ್ಕಾರದ ಕೈಯಲ್ಲಿತ್ತು. ನಮ್ಮ ಹುಡುಗರು ಡ್ರಿಲ್ ಮಾಸ್ತರ ಯಲ್ಲಪ್ಪನವರ ಕೈಯಲ್ಲಿದ್ದರು. ಯಲ್ಲಪ್ಪ ಮಾಸ್ತರರ ಬಳಿ ಇದ್ದದ್ದು ಒಂದು ಸೀಟಿ ಮಾತ್ರ. ನನ್ನ ಬಳಿ ಮೌರ್ಯರಿಂದ ಪೇಶ್ವೆಯರವರೆಗೆ ಎಲ್ಲರೂ ಇದ್ದರು. ಆದರೂ ಅವರು ಒಮ್ಮೆ ಸೀಟಿ ಊದಿದರೆ ಹುಡುಗರು ನನ್ನ ಅಶೋಕನನ್ನು ಕಳಿಂಗದಲ್ಲಿಯೇ ಬಿಟ್ಟು ಬಯಲಿಗೆ ಓಡುತ್ತಿದ್ದರು. ಸಾಲದ್ದಕ್ಕೆ ಅವರು ನಮ್ಮ ನೆರೆಮನೆಯವರು. ನಡುವೆ ಎದೆಯೆತ್ತರದ ಒಂದು ಗೋಡೆ. ಸಂಜೆ ಹುಡುಗರು ಗುಂಪುಗುಂಪಾಗಿ ಬಂದು ನನ್ನ ಬಾಗಿಲ ಮುಂದೆ ಹಾದು, ನನಗೆ ಬಹಳ ಭಕ್ತಿಯಿಂದ ನಮಸ್ಕಾರ ಮಾಡಿ, ಅವರ ಮನೆಗೆ ಹೋಗುತ್ತಿದ್ದರು. ಆ ನಮಸ್ಕಾರ ಒಂದು ಇರದಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆನೇನೋ.

ಹೀಗಿರುವಾಗ ಹೆಡ್ ಮಾಸ್ತರರು ಶಾಲೆಯ ಸಹಲು, ಎಂದರೆ ಪ್ರವಾಸ, ಈ ಸಲ ನಾಗನೂರಿಗೆ ಎಂದು ಗೊತ್ತು ಮಾಡಿದರು. ಅಲ್ಲಿ ಬೀರಪ್ಪನ ಪಲ್ಲಕ್ಕಿ ಹೊರಡುವ ದಿನ. ಹುಡುಗರ ಸಾಲು ಕೆಡದಂತೆ ನೋಡಿಕೊಳ್ಳುವುದು ಯಲ್ಲಪ್ಪನವರ ಕೆಲಸ, ಪಲ್ಲಕ್ಕಿಯ ಮಹತ್ವ ತಿಳಿಸುವುದು ನನ್ನದು. ನನಗೆ ಬೇಕಾದದ್ದೂ ಇದೇ. ಬಯಲಿನಲ್ಲಿ, ಸೀಟಿಯ ಎದುರಿಗೇ, ಹುಡುಗರು ಯಾರ ಬಾಯಿ ನೋಡುತ್ತಾರೆಂಬುದು ಈ ಸಲ ತೀರ್ಮಾನವಾಗಲಿ ಎಂದುಕೊಂಡೆ. ವಾರವಿಡೀ ಭಾಷಣ ತಯಾರಿಸಿದೆ. ಹೊರಡುವ ಮುಂಜಾನೆ ನನ್ನ ಹೆಂಡತಿ ಗಂಗವ್ವ ಟ್ರಂಕಿನಿಂದ ಹೊಸ ಧೋತರ ತೆಗೆದಳು. ಯಮಕನಮರಡಿಯ ಅವಳ ಅಣ್ಣ ದೀಪಾವಳಿಗೆ ಕೊಟ್ಟದ್ದು.

"ನೋಡ್ರಿ, ಇದು ನಮ್ಮಣ್ಣ ಕೊಟ್ಟ ಧೋತರ ಐತಿ. ಅಲ್ಲಿ ಮಂದಿ ಭಂಡಾರ ಹಾರಸ್ತಾರ. ಒಂದ ಕಲಿ ಬಿತ್ತಂದ್ರ ನೀವ ಒಗಕೋಬೇಕು ಮತ್ತ" ಎಂದಳು. ಭಂಡಾರವೆಂದರೆ ದೇವರ ಅರಿಸಿನ ಪುಡಿ. ಪಲ್ಲಕ್ಕಿಯ ಮೇಲೆ ಮುಷ್ಟಿಮುಷ್ಟಿ ಹಾರಿಸುತ್ತಾರೆ. ನಾನು ರಕ್ಷಣೆಗೆ ಕೊಡೆಯನ್ನೂ ಹಿಡಿದುಕೊಂಡೆ.

ನಾಗನೂರಿನಲ್ಲಿ ಗುಡಿಯ ಎದುರು ಒಂದು ಎತ್ತರದ ಕಟ್ಟೆ ಸಿಕ್ಕಿತು. ಹುಡುಗರನ್ನು ಕೆಳಗೆ ಕೂಡ್ರಿಸಿ, "ಪಲ್ಲಕ್ಕಿ ಎಂಬುದು ಬಹು ಪ್ರಾಚೀನವಾದ ವಾಹನ" ಎಂದು ಆರಂಭಿಸಿದೆ. ಅಷ್ಟರಲ್ಲಿ ಡೊಳ್ಳಿನ ಮೊದಲ ಪೆಟ್ಟು ಬಿತ್ತು. ಎರಡನೆಯ ಪೆಟ್ಟಿಗೆ ನನ್ನ ಮುಂದೆ ಹುಡುಗರ ರೊಟ್ಟಿ ಗಂಟುಗಳು ಮಾತ್ರ ಕುಳಿತಿದ್ದವು.

ಸಮಾಧಾನದ ಸಂಗತಿಯೆಂದರೆ, ಸೀಟಿಯೂ ನಡೆಯಲಿಲ್ಲ. ಯಲ್ಲಪ್ಪ ಮಾಸ್ತರರು ಕೆಂಪಗಾಗುವವರೆಗೆ ಊದಿದರು; ಡೊಳ್ಳಿನ ನಡುವೆ ಅದು ಗುಬ್ಬಿ ಕೂಗಿದಷ್ಟೂ ಕೇಳಲಿಲ್ಲ. ಆದರೆ ಆ ಮನುಷ್ಯ ನನ್ನಂತೆ ಕಟ್ಟೆಯ ಮೇಲೆ ನಿಲ್ಲಲಿಲ್ಲ. ಸೀಟಿಯನ್ನು ಜೇಬಿಗೆ ಹಾಕಿ, ಹುಡುಗರ ಹಿಂದೆ ತಾವೂ ನುಗ್ಗಿಬಿಟ್ಟರು. ಪಲ್ಲಕ್ಕಿ ಹೊರಗೆ ಬಂತು. "ಬೀರಪ್ಪನ ಹೆಸರಲೇ ಚಾಂಗಭಲೋ!" ಎಂದು ಊರಿಗೆ ಊರೇ ಕೂಗಿತು, ಆಕಾಶ ಹಳದಿಯಾಯಿತು. ಪಲ್ಲಕ್ಕಿ ಹತ್ತು ಹೆಜ್ಜೆ ಮುಂದೆ ಓಡುವುದು, ಏನೋ ಮರೆತವರಂತೆ ಹಿಂದಕ್ಕೆ ತೂಗುವುದು, ಮತ್ತೆ ಓಡುವುದು. ಅದರೊಂದಿಗೆ ನಮ್ಮ ಹುಡುಗರೂ ಮುಂದೆ ಹಿಂದೆ. ಭೂಗೋಳದಲ್ಲಿ ಬೆಳಗಾವಿ ಎಲ್ಲಿದೆಯೆಂದು ಕೇಳಿದರೆ ಗೋಡೆ ನೋಡುವ ಲಗಮಣ್ಣ, ತನ್ನ ಕಾಕಾನ ಡೊಳ್ಳು ಕೊರಳಿಗೆ ಹಾಕಿಕೊಂಡು ಬಾರಿಸುತ್ತಿದ್ದ. ಪಲ್ಲಕ್ಕಿಯ ಕೊಂಬಿಗೆ ಒಂದು ಹೆಗಲು ಬೇಕಾಯಿತು, ಯಾರೋ ಯಲ್ಲಪ್ಪನವರನ್ನು ಎಳೆದು ಕೊಟ್ಟರು. ಹುಡುಗರು, "ಸರ ಹೊತ್ತಾರೋ! ನಮ್ಮ ಸರ ಹೊತ್ತಾರೋ!" ಎಂದು ಕುಣಿದರು. ನಾನೂ ಅವರ ಸರ್ ಅಲ್ಲವೇ? ನಾನು ಹೊತ್ತದ್ದು ಕೊಡೆ.

ಆ ಹೊತ್ತಿಗೆ ನನಗೆ ಧೋತರದ ಮೇಲಿನ ಮೋಹ ಹರಿಯಿತು. ಒಂದು ಮುಷ್ಟಿ, ಒಂದೇ ಮುಷ್ಟಿ ನನ್ನ ಮೇಲೂ ಬೀಳಲಿ ಎಂದು ಕಟ್ಟೆ ಇಳಿದೆ. ಆದರೆ ನಾನು ಹೋದಲ್ಲೆಲ್ಲ ಮಂದಿ ಸರಿದು ದಾರಿ ಬಿಡಹತ್ತಿದರು. ಒಬ್ಬ ಕಂಬಳಿ ಹೊದ್ದ ಅಜ್ಜ ಮುಷ್ಟಿ ತುಂಬ ಭಂಡಾರ ಎತ್ತಿದವನು ನನ್ನನ್ನು ಕಂಡು ಕೈ ತಡೆದ.

"ಏ, ತಡೀರೋ! ಮಾಸ್ತರ ಅದಾರ. ಬೆಳ್ಳನ್ನ ಅರಿವಿ ಉಟ್ಟಾರ, ಹೊಲಸ ಮಾಡಬ್ಯಾಡ್ರಿ!"

"ಇರಲಿ ಬಿಡ್ರಿ ಅಜ್ಜಾರ. ಬಿದ್ದರ ಏನಾಗೂದಿಲ್ಲ" ಎಂದೆ.

"ನೀವು ದೊಡ್ಡ ಮನಸಿನವರು, ಹಂಗ ಅಂತೀರಿ. ನಮಗರೆ ತಿಳೀಬೇಕಲ್ರಿ?"

"ಅಲ್ಲ ಅಜ್ಜಾರ, ಖರೇನ ಹೇಳತೇನಿ. ಹಾರಸ್ರಿ."

"ಛೇ ಛೇ!" ಎಂದು ಅಜ್ಜ ತನ್ನ ಬೆರಳನ್ನು ಮೊದಲು ಕಂಬಳಿಗೆ ಒರೆಸಿ, ತುದಿಯಿಂದ ನನ್ನ ಹಣೆಗೆ ಸಾಸಿವೆ ಕಾಳಿನಷ್ಟು ಭಂಡಾರ ಮುಟ್ಟಿಸಿದ. ಮುಷ್ಟಿಯಲ್ಲಿ ಉಳಿದದ್ದನ್ನೆಲ್ಲ ನನ್ನ ತಲೆಯ ಮೇಲಿಂದ ಹಾರಿಸಿ ಯಲ್ಲಪ್ಪನವರ ಮೇಲೆ ಸುರಿದ. ಮರ್ಯಾದೆ ಎಂಬುದು ಮನುಷ್ಯನಿಗೆ ಎಷ್ಟು ದೊಡ್ಡ ಬೇಲಿಯೆಂದು ಅಂದು ತಿಳಿಯಿತು. ಅದನ್ನು ಹಾಕಿದವನಿಗೂ ದಾಟಲು ಬರುವುದಿಲ್ಲ.

ಮರಳುವಾಗ ಎರಡು ಚಕ್ಕಡಿಗಳು. ತಲೆಯಿಂದ ಕಾಲಿನವರೆಗೆ ಹಳದಿಯಾದ ಯಲ್ಲಪ್ಪನವರ ಚಕ್ಕಡಿಯಲ್ಲಿ ಹಳದಿ ಹುಡುಗರು ಒಬ್ಬರ ಮೇಲೊಬ್ಬರು ಹತ್ತಿದ್ದರು. ನನ್ನದು ಖಾಲಿ.

"ಇಲ್ಲಿ ಜಾಗಾ ಐತಿ, ಬರ್ರೋ" ಎಂದು ಕರೆದೆ.

"ಬ್ಯಾಡ್ರಿ ಸರ, ನಿಮ್ಮ ಧೋತರ ಹೊಲಸಾಕ್ಕೈತ್ರಿ" ಎಂದ ಲಗಮಣ್ಣ, ನನ್ನ ಮೇಲಿನ ಪ್ರೀತಿಯಿಂದಲೇ. ದಾರಿಯುದ್ದಕ್ಕೂ ಮುಂದಿನ ಚಕ್ಕಡಿಯಲ್ಲಿ ನಗೆ, ಹಾಡು. ಹಿಂದಿನದರಲ್ಲಿ ನಾನು, ಕೊಡೆ, ಖಾಲಿ ಬುತ್ತಿಗಂಟುಗಳು.

ಮನೆಯಲ್ಲಿ ಗಂಗವ್ವ ಧೋತರವನ್ನು ತಿರುವಿ ಮುರುವಿ ನೋಡಿ, "ಶಾಣ್ಯಾ ಅದೀರಿ" ಎಂದು ಹೊಗಳಿದಳು. ದಾರಿಯ ಧೂಳಿಗೆಂದು ಅದನ್ನು ಬಟ್ಟೆ ಒಗೆಯುವ ಸೋಡಾದ ನೀರಿನಲ್ಲಿ ನೆನೆಯಿಟ್ಟು ಹಿತ್ತಿಲಿಗೆ ಹೋದಳು. ಅಲ್ಲಿ ಗೋಡೆಯಾಚೆಗೆ ಯಲ್ಲಪ್ಪ ಮಾಸ್ತರರ ಹೆಂಡತಿ ಶಾಂತಕ್ಕ, ಗಂಡನ ಹಳದಿ ಅಂಗಿಯನ್ನು ಒಗೆಯದೆಯೇ ಹಗ್ಗಕ್ಕೆ ಹಾಕುತ್ತಿದ್ದಳು. ಓಣಿಯ ಹೆಂಗಸರೆಲ್ಲ ಬಂದು ಅಂಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. "ದೇವರು ತಾನಾಗೇ ಹೆಗಲ ಮ್ಯಾಲ ಬಂದಾನವ್ವಾ" ಎಂದು ಶಾಂತಕ್ಕ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು. ಆಮೇಲೆ ಗೋಡೆಯ ಈಚೆ ನೋಡಿ, "ನಿಮ್ಮವರದು ಎಲ್ಲೈತಿ ಗಂಗಕ್ಕ, ಹಾಕಲಿಲ್ಲಾ?" ಎಂದು ಕೇಳಿದಳಂತೆ.

ಗಂಗವ್ವ ಒಳಗೆ ಬಂದ ರಭಸಕ್ಕೆ ನಾನು ಎದ್ದು ನಿಂತೆ.

"ಅಲ್ರಿ, ನೀವು ಪಲ್ಲಕ್ಕಿಗೆ ಹೋಗಿದ್ರೋ, ಹೋಟೆಲ್ಲಿನ್ಯಾಗ ಚಾ ಕುಡಕೋತ ಕುಂತಿದ್ರೋ?"

"ನೀನ ಹೇಳಿದ್ಯಲ್ಲ, ಕಲಿ ಬೀಳಬಾರ್ದಂತ?"

"ನಾ ಹೇಳಿದ್ದು ಹೊಲಸ ಕಲಿ. ದೇವರದು ಎಲ್ಲೆರೆ ಕಲಿ ಆಗ್ತೈತೇನ್ರಿ?"

ಹೀಗೆ ನನ್ನೊಬ್ಬನ ಹೊಟ್ಟೆಯಲ್ಲಿದ್ದ ಕಿಚ್ಚು ಮನೆಗೆಲ್ಲ ಹಬ್ಬಿತು. ಅವಳು ತಪ್ಪಲೆಯಲ್ಲಿ ನೀರು ತೆಗೆದುಕೊಂಡು ಡಬ್ಬಿಯ ಅರಿಸಿನವನ್ನು ಕೈಬಿಚ್ಚಿ ಸುರಿದಳು. "ಭಂಡಾರ ಅಂದ್ರೂ ಅರಿಷಿಣಾನ ಹೌದಲ್ಲೋ" ಎಂದು ದೇವರಿಗೆ ಕೈ ಮುಗಿದು, ನೆನೆದ ಧೋತರವನ್ನು ಎತ್ತಿ ಅದರಲ್ಲಿ ಅದ್ದಿದಳು. ಊರಿನ ಎಲ್ಲ ಮದುವೆಗಳಲ್ಲಿ ಅರಿಸಿನಕ್ಕೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರು ಮಾಡುವವಳು ಇವಳೇ. ಸುಣ್ಣ ಮಾಡುವ ಕೆಲಸವನ್ನು ಸೋಡಾ ಕೂಡ ಮಾಡುತ್ತದೆ. ಆದರೆ ಹೊಟ್ಟೆಕಿಚ್ಚಿನ ಮುಂದೆ ಯಾರ ವಿದ್ಯೆ ನಿಲ್ಲುತ್ತದೆ? ನಾವಿಬ್ಬರೂ ನೋಡನೋಡುತ್ತಿದ್ದಂತೆ ಯಮಕನಮರಡಿಯ ಧೋತರ ರಕ್ತದಲ್ಲಿ ಅದ್ದಿದಂತೆ ಕೆಂಪಗಾಯಿತು.

"ಅಯ್ಯ ನನ್ನ ಶಿವನ!" ಎಂದು ಗಂಗವ್ವ ಕುಕ್ಕರಿಸಿದಳು. ಹಿಂಡಿ, ಜಾಲಿಸಿ, ಕೊನೆಗೆ ಗತ್ಯಂತರವಿಲ್ಲದೆ ಹಗ್ಗಕ್ಕೆ ಹಾಕಿದೆವು. ಮರುಕ್ಷಣವೇ ಗೋಡೆಯ ಮೇಲೆ ಯಲ್ಲಪ್ಪ ಮಾಸ್ತರರ ಮುಖ ಮೂಡಿತು. ಧೋತರವನ್ನು ಈ ತುದಿಯಿಂದ ಆ ತುದಿಯವರೆಗೆ ಸಾವಕಾಶವಾಗಿ ನೋಡಿ, ಬಹಳ ವಿನಯದಿಂದ ಕೇಳಿದರು: "ಮಾಸ್ತರ್ರ, ನೀವು ಯಾವ ದೇವರ ಪಲ್ಲಕ್ಕಿಗೆ ಹೋಗಿದ್ರಿ?"

ಈ ಪ್ರಶ್ನೆ ಮರುದಿನ ನನಗಿಂತ ಮೊದಲೇ ಶಾಲೆ ಮುಟ್ಟಿತ್ತು. ನಾನು ವರ್ಗದೊಳಗೆ ಕಾಲಿಟ್ಟಾಗ ಹುಡುಗರು ತುಟಿ ಕಚ್ಚಿಕೊಂಡು ಕುಳಿತಿದ್ದರು. ಲಗಮಣ್ಣ ಎದ್ದು, "ಸರ, ಅದು ಕೆಂಪ ಹೆಂಗ ಆತ್ರಿ?" ಎಂದ. ಅಶೋಕನ ಆಣೆಗೂ, ಅಷ್ಟು ಆಸೆಯಿಂದ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ನಾನು ಪುಸ್ತಕ ಮುಚ್ಚಿ ಎಲ್ಲವನ್ನೂ ಹೇಳಿದೆ: ಕೊಡೆ, ಅಜ್ಜನ ಬೆರಳು, ಖಾಲಿ ಚಕ್ಕಡಿ, ಸೋಡಾ. ಹುಡುಗರು ಬಿದ್ದು ಬಿದ್ದು ನಕ್ಕರು. ಖರೆಯೋ ಸುಳ್ಳೋ ನೋಡೋಣವೆಂದು ಬಾವಿಕಟ್ಟೆಗೆ ಓಡಿ, ಮೈಮೇಲೆಯೇ ಇದ್ದ ನಿನ್ನೆಯ ಹಳದಿ ಅಂಗಿಯ ತುದಿಗೆ ಸಾಬೂನು ತಿಕ್ಕಿ ಅದು ಕೆಂಪಗಾದಾಗಲೆಲ್ಲ "ಚಾಂಗಭಲೋ!" ಎಂದು ಕೂಗಿದರು. ಡ್ರಿಲ್ಲಿನ ಹೊತ್ತಾಯಿತು. ಬಯಲಿನಿಂದ ಸೀಟಿ ಬಂತು. ಮತ್ತೊಮ್ಮೆ ಬಂತು. ಯಾರೂ ಹೋಗಲಿಲ್ಲ. ಯಲ್ಲಪ್ಪ ಮಾಸ್ತರರು ಸೀಟಿ ಕಚ್ಚಿಕೊಂಡೇ ಬಾವಿಯ ಬಳಿ ಬಂದು, ನನ್ನ ಸುತ್ತ ಸಾಬೂನು ಹಿಡಿದು ಕುಣಿಯುತ್ತಿದ್ದ ಹುಡುಗರನ್ನು ನೋಡುತ್ತ ನಿಂತರು. ಅವರ ಮುಖ ನನಗೆ ಬಹಳ ಪರಿಚಿತವಾಗಿತ್ತು. ನಾನು ದಿನಾಲೂ ಕನ್ನಡಿಯಲ್ಲಿ ಕಂಡಿದ್ದೆ.

ಸಂಜೆ ಗೋಡೆಯಾಚೆ ಬೋಗುಣಿಯ ಸಪ್ಪಳವಾಯಿತು. ಶಾಂತಕ್ಕ ಆ ಹಳದಿ ಅಂಗಿಯನ್ನು ಕೈಯಲ್ಲಿ ಹಿಡಿದು, "ಗಂಗಕ್ಕಾ, ಸೋಡಾ ಎಷ್ಟ ಹಾಕಿದ್ರಿ?" ಎಂದು ಕೂಗಿ ಕೇಳಿದಳು. ಪಾಪ, ನನ್ನ ಹೆಂಡತಿ ಒಳ್ಳೆಯ ಮನಸ್ಸಿನವಳು, ಹೇಳಲು ಬಾಯಿ ತೆರೆದಳು. ನಾನು ಅವಳ ಸೆರಗು ಹಿಡಿದೆಳೆದು, ಕಿವಿಯಲ್ಲಿ ಹೇಳಿದೆ:

"ಸೋಡಾದ ಡಬ್ಬಿ ಮುಚ್ಚಿಡು. ಮರತೇನಿ ಅನ್ನು."