ರಸ್ತೆ ದಾಟಲು ಆಟೋ

ರಸ್ತೆ ದಾಟುವುದಕ್ಕೆ ಆಟೋ ಹಿಡಿಯುವವರನ್ನು ನೀವು ನೋಡಿಲ್ಲವೆಂದರೆ, ನಾನಿದ್ದೇನೆ. ಕಂಟೋನ್ಮೆಂಟಿನ ನಮ್ಮ ಮನೆಯ ಎದುರಿಗೇ ಗೆಳತಿ ಜುಬೇದಾಳ ಟೈಲರಿಂಗ್ ಅಂಗಡಿ. ಮಧ್ಯಾಹ್ನ ಅಲ್ಲಿ ಕುಳಿತು, ಬ್ಲೌಸಿಗೆ ಹುಕ್ಕು ಹಾಕುತ್ತ ಹರಟುವ ಒಂದು ಗಂಟೆಗಾಗಿಯೇ ನಾನು ಬೆಳಿಗ್ಗೆಯಿಂದ ಚುರುಕಾಗಿರುವುದು. ನಡುವೆ ರಸ್ತೆ. ಗಣಿಯ ಭರಾಟೆಯ ಕಾಲ ನೋಡಿ, ಆ ರಸ್ತೆಯ ತುಂಬ ಅದಿರಿನ ಲಾರಿಗಳು. ಅವುಗಳ ಧೂಳಿಗೆ ನಮ್ಮ ಮಲ್ಲಿಗೆ ಬಳ್ಳಿಯೂ ಕೆಂಪು, ಒಣಹಾಕಿದ ಪಂಚೆಯೂ ಕೆಂಪು. ಹಾಗಾಗಿ ಬಾಷಾನ ಆಟೋ ಹತ್ತುತ್ತೇನೆ. ಅವನು ಸರ್ಕಲ್ಲಿಗೆ ಹೋಗಿ, ತಿರುಗಿಸಿಕೊಂಡು ಬಂದು, ಎದುರುಗಡೆ ಇಳಿಸುತ್ತಾನೆ.

ನನಗೆ ಲಾರಿಯ ಭಯವಿಲ್ಲ. ತೊಂದರೆ ಶುರುವಾಗುವುದು ಲಾರಿಗಳು ಹೋದ ಮೇಲೆ. ಸಾಲುಸಾಲು ಲಾರಿ ಎಡಕ್ಕೆ ಹೋಗಿ ರಸ್ತೆ ಖಾಲಿಯಾದರೆ, ಜುಬೇದಾಳ ಅಂಗಡಿಯೇ ಮೆಟ್ಟಿಲ ಸಮೇತ ಬಲಕ್ಕೆ ಜಾರತೊಡಗುತ್ತದೆ. ಜಾರುವ ಅಂಗಡಿಗೆ ಹೋಗುವುದು ಹೇಗೆ? ಕಾನ್ವೆಂಟಿನಲ್ಲಿ ಸಿಸ್ಟರು ಇಬ್ಬಿಬ್ಬರನ್ನು ಕೈಹಿಡಿಸಿ ದಾಟಿಸುತ್ತಿದ್ದರು, ಇದನ್ನು ಹೇಳಿಕೊಟ್ಟಿರಲಿಲ್ಲ. ನಮ್ಮವರು ಕುರುಗೋಡಿನಲ್ಲಿದ್ದ ಅತ್ತೆಯವರಿಗೂ ಸುದ್ದಿ ಮುಟ್ಟಿಸಿದರು. ನನ್ನ ಕಣ್ಣು ಕೆಟ್ಟಿದೆ, ಒಬ್ಬಳನ್ನೇ ಹೊರಗೆ ಬಿಡಬಾರದು ಎಂದು ತಾಯಿ ಮಗ ಫೋನಿನಲ್ಲೇ ತೀರ್ಮಾನಿಸಿದರು.

ಆಗ ಸಿರುಗುಪ್ಪದಿಂದ ನಾದಿನಿಯ ಮಗಳು ಸುಧಾ ರಜೆಗೆ ಬಂದಳು, ಕಂಪ್ಯೂಟರಿನ ಸಮೇತ. ಕಾಲೇಜಿನ ಪ್ರಾಜೆಕ್ಟಿಗೆ ಅವಳು ನ್ಯೂರಲ್ ನೆಟ್‌ವರ್ಕ್ ಕಟ್ಟುತ್ತಿದ್ದಳು; ಚಲಿಸುವ ವಸ್ತುವನ್ನು ನಮ್ಮ ಕಣ್ಣು, ಮಿದುಳು ಹೇಗೆ ಗುರುತಿಸುತ್ತವೋ ಅದನ್ನು ನಕಲು ಮಾಡುವ ಯಂತ್ರದ ನರಗಳು. ಕೆಲವು ನರ ಎಡಕ್ಕೆ ಹೋಗುವುದನ್ನು ಕಂಡರೆ ಕೂಗುತ್ತವಂತೆ, ಕೆಲವು ಬಲಕ್ಕೆ ಹೋಗುವುದನ್ನು. ವರಾಂಡದಿಂದ ಲಾರಿಗಳ ವಿಡಿಯೋ ತೆಗೆದು ಅದಕ್ಕೆ ಬಹಳ ಹೊತ್ತು ತೋರಿಸಿ, ಆಮೇಲೆ ನಿಂತ ಅಂಗಡಿಯ ಫೋಟೋ ತೋರಿಸಿದಳು. ಅಂಗಡಿ ಬಲಕ್ಕೆ ಹೊರಟಿದೆ ಎಂದಿತು ಕಂಪ್ಯೂಟರ್!

"ಅತ್ತೀ, ನಿಮ್ಮ ಕಣ್ಣು ಕೆಟ್ಟಿಲ್ಲರಿ. ಎಡಕ್ಕ ಹೋಗೋದು ನೋಡೋ ನರ ಲಾರಿ ನೋಡಿ ನೋಡಿ ದಣಿದು ಸುಮ್ನಾದ್ರ ಬಲದವೇ ಜೋರು ಮಾಡ್ತಾವ. ಎಲ್ಲಾರಿಗೂ ಹಂಗ ಆಕ್ಕೈತಿ, ನೀವು ಗಮನಿಸೀರಿ, ಅಷ್ಟ. ಅಂಗಡಿ ಬೋರ್ಡು ನೋಡ್ಕೋತ ನಿಲ್ರಿ. ಅದು ನಿಂತ ಮ್ಯಾಲ, ಎರಡೂ ಕಡಿ ನೋಡಿ ದಾಟ್ರಿ."

ಮಾತು ಮುಗಿಸುವ ಮೊದಲೇ ನಾನು ನಮ್ಮವರನ್ನು ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದ್ದೆ. ಅವರು ಎರಡು ಸಲ ನೋಡಿ, ಚಹಾ ಕೇಳಿದರು. ಅವರು ಸೋಲೊಪ್ಪುವ ರೀತಿ ಅದೇ.

ಮರುದಿನ ಬೋರ್ಡು ನೋಡುತ್ತ ನಿಂತೆ. ಜಾರಿತು, ನಿಧಾನವಾಯಿತು, ನಿಂತಿತು. ದಾಟಿದೆ. ಜುಬೇದಾ ಮಿಷನ್ ತುಳಿಯುವುದನ್ನು ಬಿಟ್ಟು ನನ್ನ ಹಿಂದೆ ಆಟೋ ಹುಡುಕಿದಳು.

ಮನೆಗೆ ಹೊರಡುವಾಗ ಅಂಗಡಿಯ ಬಾಗಿಲಲ್ಲೇ ಬಾಷಾ ನಿಂತಿದ್ದ. "ಯಾಕ್ರಿ ಅಕ್ಕಾರ, ನಮ್ಮ ಗಾಡಿ ಬ್ಯಾಡಾತೇನ್ರಿ?"

ಅವನಿಗೆ ನರಗಳ ವಿಷಯ ಹೇಗೆ ವಿವರಿಸಲಿ? ಹತ್ತಿ ಕುಳಿತೆ. ಸರ್ಕಲ್ ಸುತ್ತಿ ಮನೆ ಮುಂದೆ ಇಳಿಯುವಾಗ ವರಾಂಡದಲ್ಲಿದ್ದ ಸುಧಾ ನನ್ನನ್ನೊಮ್ಮೆ, ಆಟೋವನ್ನೊಮ್ಮೆ ನೋಡಿ, ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡಳು. ಹೋಗುವಾಗ ಗುಣ, ಬರುವಾಗ ಇಲ್ಲ ಎಂದಿರಬೇಕು. ನಾನು ತಿದ್ದಲು ಹೋಗಿಲ್ಲ.