ರುಮಾಲು ಮೇಲಿನವರದು, ದನಿ ಕೆಳಗಿನವರದು

ನಮ್ಮ ಅತ್ತೆಯ ಕಣ್ಣಿಗೆ ಮನುಷ್ಯರು ಕಾಣುವುದಿಲ್ಲ, ಅಕ್ಷರಗಳು ಕಾಣುತ್ತವೆ! ನಂಬದವರು ಒಮ್ಮೆ ದಿಗ್ಗೇವಾಡಿಗೆ ಬಂದು ನಮ್ಮ ಪಡಸಾಲೆಯಲ್ಲಿ ಕೂತು ನೋಡಬೇಕು. ಕೂತು ಎಂದೆನೆ? ಕೂರಲು ಬಿಟ್ಟರೆ ತಾನೆ! ಬಂದವರಲ್ಲಿ ಒಬ್ಬರನ್ನು ನಿಲ್ಲಿಸಿ, ಇನ್ನೊಬ್ಬರನ್ನು ಅವರ ಕಾಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂರಿಸಿ, "ಹಾಂ, ಈಗ ಒತ್ತಕ್ಷರ ಆತು" ಎಂದು ಅತ್ತೆ ಹೇಳಿದ ಮೇಲೆಯೇ ನೀರು, ಚಹಾ, ಕ್ಷೇಮಸಮಾಚಾರ.

ಹೇಳಿದ ಮೇಲೆ ಅಲ್ಲ, ಹೇಳುತ್ತಿದ್ದರು ಎಂದು ಬರೆಯಬೇಕು. ಈ ದೀಪಾವಳಿಯ ಬೆನ್ನಿಗೇ ಅವರಿಗೆ ಲಕ್ವ ಹೊಡೆದು ಮಾತು ನಿಂತಿದೆ. ಅದು ಮರಳುತ್ತದೆಯೋ ಇಲ್ಲವೋ ಎಂಬುದೊಂದೇ ಈಗ ನಮ್ಮ ಮನೆಯ ಚಿಂತೆ. ಅದಕ್ಕೆ ಆಮೇಲೆ ಬರುತ್ತೇನೆ. ಅತ್ತೆಯ ಕಥೆಯನ್ನು ಅಳುಮುಖದಿಂದ ಶುರು ಮಾಡಿದರೆ ಮೊದಲು ಬೇಸರವಾಗುವುದು ಅತ್ತೆಗೇ. ಮೂಗು ಸುರಿಸುತ್ತ ಬಂದ ಮಕ್ಕಳಿಗೆ ಅವರು ಹೇಳುತ್ತಿದ್ದುದು ಹೀಗೆ: "ಮೊದಲ ನಕ್ಕ ಬಾ. ಅಳೋ ಬಾಯಾಗ ಅಕ್ಷರ ನಿಂದರೂದಿಲ್ಲ."

ಅತ್ತೆ ನೌಕರಿಯ ಉದ್ದಕ್ಕೂ ಒಂದನೇ ಇಯತ್ತೆಗೇ ಕಲಿಸಿದವರು, ಊರಿಗೆಲ್ಲ ಅಕ್ಕೋರು. ಮೇಲಿನ ತರಗತಿ ಕೊಡುತ್ತೇವೆಂದರೂ ಒಲ್ಲೆ ಎಂದರಂತೆ. "ಅಲ್ಲಿ ಎಲ್ಲಾರಿಗೂ ಓದಾಕ ಬರತೈತಿ. ನಾ ಹೋಗಿ ಏನ ಮಾಡ್ಲಿ, ನೊಣಾ ಹೊಡೀಲಿ?" ನಿವೃತ್ತಿಯಾದ ಮರುದಿನವೇ ನಮ್ಮ ಪಡಸಾಲೆ ಶಾಲೆಯಾಯಿತು. ವಿದ್ಯಾರ್ಥಿಗಳಿಗೆ ಬರವಿರಲಿಲ್ಲ. ನಮ್ಮ ಕಡೆ ಹೆಣ್ಣು ಕೊಡುವಾಗ, ತರುವಾಗ ಯಾರೂ ಗಡಿ ನೋಡುವುದಿಲ್ಲ. ಮಿರಜ, ಜತ್ತ, ಕಾಗಲ ಕಡೆಯಿಂದ ಬಂದ ಸೊಸೆಯರು ಕನ್ನಡವನ್ನು ಪಟಪಟ ಮಾತಾಡುತ್ತಾರೆ, ಆದರೆ ಓದುವುದು ಮರಾಠಿ. ಮಗು ಶಾಲೆಯಿಂದ ಕನ್ನಡ ಪುಸ್ತಕ ತಂದು ಮುಂದೆ ಹಿಡಿದರೆ ತಾಯಿಗೆ ಒಲೆಯ ಮೇಲಿನ ಹಾಲು ಆಗಲೇ ನೆನಪಾಗುತ್ತದೆ! ಹಾಗಾಗಿ ಅತ್ತೆಯ ವರ್ಗದಲ್ಲಿ ಮಕ್ಕಳೂ ಇರುತ್ತಿದ್ದರು, ಮಕ್ಕಳ ತಾಯಂದಿರೂ ಇರುತ್ತಿದ್ದರು. ಬೈಗುಳ ಮಾತ್ರ ಎಲ್ಲರಿಗೂ ಒಂದೇ.

ನಾನೂ ಮಿರಜ ಕಡೆಯವಳು. ಮದುವೆ ನಿಶ್ಚಯವಾದ ಮೇಲೆ ಹೆದರಿಕೊಂಡು ಕನ್ನಡದ ಬಿಡಿ ಅಕ್ಷರಗಳನ್ನು ಕಲಿತಿದ್ದೆ. ಮನೆ ತುಂಬಿಸಿಕೊಳ್ಳುವ ದಿನ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು ಗಂಡನ ಹೆಸರಿಟ್ಟು ಒಡಪು ಹೇಳು ಎಂದರು. ನನಗೆ ಬಾಯಿಪಾಠವಿತ್ತು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಗುಂಪನ್ನು ಸರಿಸಿಕೊಂಡು ಬಂದು ನನ್ನ ಮುಂದೆ ಪಾಟಿ ಹಿಡಿದರು. ಅದರಲ್ಲಿ ಸೀಮೆಸುಣ್ಣದಿಂದ ದಪ್ಪಗೆ ನನ್ನ ಗಂಡನ ಹೆಸರು: ಅಣ್ಣಪ್ಪ.

"ಬಾಯಿಪಾಠ ಗಿಣಿನೂ ಹೇಳತೈತಿ. ಓದ."

ಆರತಿ ಹಿಡಿದವರು, ಅಕ್ಕಿ ತುಂಬಿದ ಸೇರು, ಹಿಂದೆ ಬೆವರುತ್ತ ನಿಂತ ಗಂಡ. ನಾನು ಮರಾಠಿ ಓದುವ ರೂಢಿಯಂತೆ ಎಡದಿಂದ ಬಲಕ್ಕೆ ನೇರ ನಡೆದುಬಿಟ್ಟೆ. ಮರಾಠಿಯಲ್ಲಿ ಕೂಡಿದ ಅಕ್ಷರಗಳು ಹೆಚ್ಚಾಗಿ ಭುಜಕ್ಕೆ ಭುಜ ತಾಗಿಸಿ ಪಕ್ಕದಲ್ಲೇ ನಿಲ್ಲುತ್ತವೆ. ಇಲ್ಲಿ ಎರಡನೆಯದು ಕಾಲ ಬುಡದಲ್ಲಿ ಕೂತಿರುತ್ತದೆ ಎಂದು ಯಾರಿಗೆ ಗೊತ್ತು?

"ಅಣಪ" ಎಂದೆ.

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಅತ್ತೆ ನಗಲಿಲ್ಲ. "ಎಂಥಾಕಿ ಬೇ, ಹೊಸ್ತಿಲಾ ದಾಟೂಕಿಂತ ಮೊದಲ ನನ್ನ ಮಗನ್ನ ಅರ್ಧಾ ಮಾಡಿದಿ! ಕಾಲ ಕೆಳಗ ನೋಡು. ಅಲ್ಲಿ ಒಬ್ರು ಕುಂತಾರ, ಕಾಣವಲ್ಲರೇನು?"

ಅಲ್ಲಿಯೇ, ಆರತಿಯ ಮುಂದೆಯೇ, ಗಂಡನನ್ನು ನಿಲ್ಲಿಸಿ ನನ್ನನ್ನು ಅವನ ಕಾಲ ಬುಡದಲ್ಲಿ ಕೂರಿಸಿದರು. ಅವಮಾನದಿಂದ ನನ್ನ ಕಿವಿಗಳು ಬಿಸಿಯಾದವು. ಅತ್ತೆ ಬಗ್ಗಿ ನನ್ನ ಕಿವಿಯಲ್ಲಿ ಹೇಳಿದರು: "ಸಿಟ್ಟಾಗಬ್ಯಾಡ. ಮ್ಯಾಲೆ ನಿಂತಾವ ಬರೇ ಬಾಯಿ ಮುಚ್ಚತಾನ. ದನಿ ಬರೂದು ಕೆಳಗ ಕುಂತಾಕಿದು."

ಇದೇ ಅವರ ಪದ್ಧತಿ. ನಿಂತವರು ತಮ್ಮ ಅಕ್ಷರವನ್ನು ಅರ್ಧಕ್ಕೇ ಹಿಡಿದು ನಿಲ್ಲಿಸಬೇಕು, ಕೂತವರು ಪೂರ್ತಿ ಮಾಡಬೇಕು. ಗುಡಿಸು, ದೀರ್ಘ, ಕೊಂಬು ಏನೇ ಇರಲಿ, ಅದನ್ನು ಬರೆಯುವುದು ಮೇಲಿನ ಅಕ್ಷರಕ್ಕೆ, ಕೇಳಿಸುವುದು ಕೆಳಗಿನ ಅಕ್ಷರದಲ್ಲಿ. ಅದಕ್ಕಾಗಿ ನಿಂತವರ ತಲೆಗೆ ಮಾವನ ರುಮಾಲು ಇಡುತ್ತಿದ್ದರು. "ರುಮಾಲ ಮ್ಯಾಲಿನವ್ರದು, ದನಿ ಕೆಳಗಿನವ್ರದು" ಎಂದು ಮಕ್ಕಳೆಲ್ಲ ಕೂಗಬೇಕು. ಅಕ್ಷರ ಪೂರ್ತಿಯಾಗುವವರೆಗೆ ಕೂತವರು ಏಳುವ ಹಾಗಿಲ್ಲ.

ಮಾವನಿಗೆ ಮಂಡಿನೋವು. ಆದ್ದರಿಂದ ಅವರು ಯಾವಾಗಲೂ ಮೇಲಿನ ಅಕ್ಷರ. ಒಮ್ಮೆ ಯಾರೋ, "ಏನ್ರಿ, ಮನ್ಯಾಗ ನಿಮ್ಮದ ಮ್ಯಾಲ ಅಂತಲ್ಲ!" ಎಂದು ಕಾಡಿಸಿದರು. ಮಾವ ರುಮಾಲು ಸರಿಮಾಡಿಕೊಂಡು ಶಾಂತವಾಗಿ ಹೇಳಿದರು: "ಹೌದ್ರಿ. ಲಗ್ನ ಆದಾಗಿಂದ ಮ್ಯಾಲೇ ನಿಂತೇನಿ. ಆದ್ರ ಒಂದ ಮಾತೂ ಪೂರಾ ಆಡಿಲ್ಲ."

ದ್ರಾಕ್ಷಿ ದಲಾಲರ ಪ್ರಸಂಗವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡಿದ್ದೇನೆ ಏನು, ಅದರಲ್ಲಿ ಸಿಕ್ಕಿಕೊಂಡಿದ್ದೇನೆ. ಅವರು ದೊಡ್ಡ ಮೀಸೆಯ, ಬಿಳಿ ಇಸ್ತ್ರಿ ಅಂಗಿಯ ಗೃಹಸ್ಥರು. ಪಾಠ ನಡೆದಿದ್ದಾಗ ಬಾಗಿಲಲ್ಲಿ ಬಂದು ನಿಂತರು.

"ನಮಸ್ಕಾರ್ರಿ ಅಕ್ಕೋರ. ದ್ರಾಕ್ಷಿ ನೋಡಾಕ ಬಂದಿದ್ನಿ."

ಆ ಒಂದು ಶಬ್ದ ಕೇಳಿ ಅತ್ತೆಯ ಮುಖ ಅರಳಿತು! "ದ್ರಾಕ್ಷಿ! ಎರಡ ಅಕ್ಷರ, ಎರಡಕ್ಕೂ ಒತ್ತು. ನಾಕ ಮಂದಿ ಬೇಕು. ಬರ್ರಿ, ಒಳಗ ಬರ್ರಿ. ನಿಮ್ಮ ಡ್ರಾಯವರನ್ನೂ ಕರೀರಿ."

ಮಾವ ದ ಆಗಿ ನಿಂತರು. ಡ್ರೈವರ್ ಅವರ ಕಾಲ ಬುಡದಲ್ಲಿ ರ. ನನಗೆ ಕ. ನನ್ನ ಕಾಲ ಬುಡದಲ್ಲಿ, ಇಸ್ತ್ರಿ ಅಂಗಿಯ ಸಮೇತ, ದಲಾಲರು!

"ಅಕ್ಕೋರ, ಬ್ಯಾಡ್ರಿ, ಸೊಂಟಾ ಹಿಡದೈತ್ರಿ."

"ಸೊಂಟಾ ಬಿಡ್ರಿ, ಉಸರ ಹಿಡೀರಿ. ಅಕಿ 'ಕ್' ಅಂದ ಮ್ಯಾಲ ನೀವು 'ಷಿ' ಅನ್ನಬೇಕು. ಜೋರಲೇ."

ಅವರು ಅಂದರು. ಆದರೆ ಅದು ಷಿ ಆಗಿರಲಿಲ್ಲ, ಸಿ ಆಗಿತ್ತು. ಅತ್ತೆ ಬಿಡುತ್ತಾರೆಯೇ? ನಾಲಿಗೆಯನ್ನು ಹಿಂದಕ್ಕೆ ಮಡಿಸುವುದು ಹೇಗೆಂದು ತಾವೇ ಬಾಯಿ ತೆರೆದು ತೋರಿಸಿದರು. ಷಿ ಸರಿಯಾಗಿ ಬರುವವರೆಗೆ ಏಳಲು ಬಿಡಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ದಲಾಲರು ಗೋಡೆ ಹಿಡಿದು ಎದ್ದರು. ಅಂದಿನಿಂದ ನಮ್ಮ ತೋಟಕ್ಕೆ ಬರುವ ಮೊದಲು ಫೋನು ಮಾಡಿ ಮೆಲ್ಲಗೆ ಕೇಳುತ್ತಿದ್ದರು: "ಸಾಲಿ ಬಿಟ್ಟೈತೇನ್ರಿ?"

ಊರ ಹೊರಗೂ ಹೀಗೆಯೇ. ಮಿರಜಕ್ಕೆ ಹೋಗಲು ಕುಡಚಿ ಸ್ಟೇಷನ್ನಿನಲ್ಲಿ ಗಾಡಿಗಾಗಿ ಕಾಯುತ್ತಿದ್ದೆವು. ಗಾಡಿ ತಡ. ಜನ ರೈಲ್ವೆಯನ್ನು ಬೈಯುತ್ತಿದ್ದರು. ಅತ್ತೆ ಹಳದಿ ಹಲಗೆಯ ಮೇಲಿನ ಊರ ಹೆಸರನ್ನು ಓದಿ ನಿಟ್ಟುಸಿರು ಬಿಟ್ಟರು. "ಹೆಸರಿಗೆ ಒಂದರೆ ಒತ್ತ ಐತೇನ? ಮೂರೂ ಅಕ್ಷರ ಬ್ಯಾರೆ ಬ್ಯಾರೆ ಮನಿ ಮಾಡ್ಯಾವ. ಒಬ್ಬರ ಮಾತ ಒಬ್ಬರು ಕೇಳೂದಿಲ್ಲ. ಗಾಡಿ ಟೈಮಿಗೆ ಹೆಂಗ ಬರಬೇಕು?" ಬೆಂಚಿನ ಮೇಲಿದ್ದವರು ತಲೆಯಾಡಿಸಿದರು. ಅವರಿಗೆ ಅದು ಸರಿ ಎನಿಸಿತ್ತು!

ಇಷ್ಟೆಲ್ಲ ಹುಚ್ಚಾಟದಿಂದ ಯಾರಾದರೂ ಓದಲು ಕಲಿತರೇ? ಕಲಿತರು. ಇಲ್ಲಿ ಒಂದು ವಿಷಯವನ್ನು ಸರಿಯಾಗಿ ಹೇಳಬೇಕು, ಮುಂದೆ ಅದು ಬೇಕಾಗುತ್ತದೆ. ಅತ್ತೆಯ ಪಾಠದ ಜೀವ ಇದ್ದದ್ದು ಆ ನಡುವಿನ ತಡೆಯಲ್ಲಿ. ಹಳ್ಳ ಎಂದು ಓದಬೇಕಾದರೆ ಹಳ್ ಎಂದ ಮೇಲೆ ಒಂದು ಕ್ಷಣ ನಾಲಿಗೆಯನ್ನು ಅಲ್ಲೇ ಒತ್ತಿ ಹಿಡಿಯಬೇಕು. "ತಡಿ" ಎನ್ನುತ್ತಿದ್ದರು ಅತ್ತೆ. "ಹಳ್ಳಾ ಜಿಗಿಯೂ ಮುಂದ ದಂಡಿ ಮ್ಯಾಲ ನಿಂದರತಿಯಿಲ್ಲ, ಹಂಗ ನಿಂದರು. ಈಗ ಜಿಗಿ!" ಅವಸರದಲ್ಲಿ ಮೊದಲೇ ಜಿಗಿದವರಿಗೆ ತಲೆಯ ಮೇಲೆ ಒಂದು ಮೊಟಕು. ಅವರು ತಡೆದಾಗ ಇಡೀ ಪಡಸಾಲೆ ತಡೆಯುತ್ತಿತ್ತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ನನ್ನ ಕೈಯೂ ನಿಲ್ಲುತ್ತಿತ್ತು. ಅಷ್ಟು ರೂಢಿಯಾಗಿತ್ತು ನಮಗೆ.

ದೀಪಾವಳಿ ಕಳೆದ ಆ ಬೆಳಿಗ್ಗೆ ಮಾವ ಕಬ್ಬಿಗೆ ನೀರು ಬಿಡಲು ಹೋಗಿದ್ದರು. ಅವರು ಬಿಟ್ಟುಹೋದ ರುಮಾಲನ್ನು ತಾವೇ ಇಟ್ಟುಕೊಂಡು ಅತ್ತೆ ಮೇಲಿನ ಅಕ್ಷರವಾಗಿ ನಿಂತರು. ಕಾಲ ಬುಡದಲ್ಲಿ ಪಕ್ಕದ ಮನೆಯ ಹೊಸ ಸೊಸೆ ರೇಷ್ಮಾ ಕೂತಿದ್ದಳು. ಕಲಿಯುತ್ತಿದ್ದ ಶಬ್ದ ಅಕ್ಕ. ಬಾಗಿಲು ತೆರೆದಿತ್ತು, ನನಗೆ ಎಲ್ಲ ಕಾಣುತ್ತಿತ್ತು.

"ಅ" ಎಂದರು ಅತ್ತೆ. "ಕ್" ಎಂದರು. ನಿಂತರು.

ನಾವು ತಡೆದೆವು.

ಮಕ್ಕಳು ಬಾಯಿ ಬಿಗಿಹಿಡಿದು ಅವರನ್ನೇ ನೋಡುತ್ತಿದ್ದರು. ನನ್ನ ಕೈ ರೊಟ್ಟಿಯ ಮೇಲೆ ನಿಂತಿತ್ತು. ಅತ್ತೆಯ ಬಲಗೈಯಿಂದ ಸೀಮೆಸುಣ್ಣ ಜಾರಿ ಬಿತ್ತು. ಅದನ್ನು ಎತ್ತಿಕೊಡಲು ಯಾರೂ ಏಳಲಿಲ್ಲ. ಅಕ್ಷರ ಇನ್ನೂ ಪೂರ್ತಿಯಾಗಿರಲಿಲ್ಲವಲ್ಲ! ಇಂದಿನ ತಡೆ ಸ್ವಲ್ಪ ಉದ್ದವಾಯಿತು ಎಂದಷ್ಟೇ ನನಗೆ ಅನಿಸಿತು. ಬೇರೆ ಮನೆಯಾಗಿದ್ದರೆ ಯಾರಾದರೂ ಕೂಗಿಬಿಡುತ್ತಿದ್ದರು. ನಾವು ಒಳ್ಳೆಯ ವಿದ್ಯಾರ್ಥಿಗಳು, ಉಸಿರು ಹಿಡಿದು ಪಾಠ ಕೇಳುತ್ತಿದ್ದೆವು.

ಮೊದಲು ತಿಳಿದದ್ದು ಕಾಲ ಬುಡದಲ್ಲಿ ಕೂತವಳಿಗೆ. "ಭಾಬಿ" ಎಂದು ರೇಷ್ಮಾ ನನ್ನನ್ನು ಕರೆದಳು, ತಲೆಯೆತ್ತದೆಯೇ. "ಅಕ್ಕೋರ ಕಾಲು ನಡಗಾಕತ್ತೈತಿ. ಒಂದ ಕಾಲು."

ಅವರು ಬೀಳುವ ಮೊದಲು ಅವಳೇ ಹಿಡಿದುಕೊಂಡಳು. ಹೊತ್ತಿಗೆ ಸರಿಯಾಗಿ ಕರೆತಂದಿರಿ ಎಂದರು ಮಿರಜದ ವೈದ್ಯರು. ಜೀವಕ್ಕೆ ಭಯವಿಲ್ಲ. ಮಾತು ಬರಬಹುದು, ಬಾರದಿರಲೂಬಹುದು, ಚಿಕ್ಕ ಮಗುವಿಗೆ ಕಲಿಸಿದ ಹಾಗೆ ಕಲಿಸುತ್ತ ಹೋಗಿ ಎಂದರು. ಯಾರಿಗೆ ಕಲಿಸಲು ಹೇಳುತ್ತಿದ್ದೇನೆ ಎಂದು ಪಾಪ ಅವರಿಗೇನು ಗೊತ್ತು?

ಈಗ ಅತ್ತೆ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂರುತ್ತಾರೆ. ಬಾ, ನೀ ಎಂಬಂಥ ಬಿಡಿ ಅಕ್ಷರಗಳು ಬರುತ್ತವೆ. ಕೂಡಿದ ಅಕ್ಷರದ ಹತ್ತಿರ ಬಂದಾಗ ನಾಲಿಗೆ ದಂಡೆಯ ಮೇಲೆ ನಿಂತುಬಿಡುತ್ತದೆ, ಜಿಗಿಯುವುದಿಲ್ಲ. ಆಗ ಅವರು ಮುಖ ತಿರುಗಿಸಿಕೊಂಡು ಗೋಡೆ ನೋಡುತ್ತಾರೆ. ಕಲಿಸಲು ಹೋದ ನನ್ನ ಗಂಡನನ್ನು ಎಡಗೈಯಿಂದ ದೂಡಿದರು. ಪುಸ್ತಕ ತಂದವರನ್ನು ನೋಡಲೂ ಇಲ್ಲ.

ನಿನ್ನೆ ಮಧ್ಯಾಹ್ನ ನಾನು ಏನನ್ನೂ ಹೇಳದೆ ಹೋಗಿ ಅವರ ಕಾಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತೆ. ಮಾವ ಅದನ್ನು ನೋಡಿದರು. ಎದ್ದು ಬಂದು ತಮ್ಮ ರುಮಾಲು ತೆಗೆದು ಅತ್ತೆಯ ತಲೆಯ ಮೇಲಿಟ್ಟರು, ಸ್ವಲ್ಪ ವಾರೆಯಾಗಿ. ನಾನು ಪಾಟಿ ಎತ್ತಿ ಹಿಡಿದೆ. ಹೊಸ್ತಿಲಲ್ಲಿ ಅವರು ನನಗೆ ಹಿಡಿದ ಶಬ್ದವನ್ನೇ ಬರೆದಿದ್ದೆ.

ಅತ್ತೆ ಬಹಳ ಹೊತ್ತು ಓದಿದರು.

"ಅ" ಎಂದರು. ಆಮೇಲೆ, "ಣ್".

ನಿಂತಿತು. ನಾನು ದಂಡೆಯ ಮೇಲೆ ಅವರ ಜೊತೆ ನಿಂತೆ. ಆಮೇಲೆ ಕೆಳಗಿನಿಂದ "ಣ" ಎಂದೆ. ಅತ್ತೆ ಬಗ್ಗಿ ನನ್ನನ್ನು ನೋಡಿದರು. ಅವರ ತುಟಿಗಳು ಸೇರಿದವು, "ಪ್" ಎನ್ನಲು. ಅದನ್ನು ಕಂಡ ಖುಷಿಗೆ ನನಗೆ ತಡೆಯಲಾಗಲಿಲ್ಲ, ಒಮ್ಮೆಲೇ "ಪ" ಎಂದುಬಿಟ್ಟೆ.

ತಲೆಯ ಮೇಲೆ ಮೊಟಕು ಬಿತ್ತು. ಎಡಗೈಯ ಮೊಟಕು, ಅಷ್ಟೇನೂ ನೋಯಲಿಲ್ಲ.

"ತಡಿ" ಎಂದರು ಅತ್ತೆ.

ಸ್ಪಷ್ಟವಾಗಿ, ಹಳೆಯ ದನಿಯಲ್ಲಿ. ಮಾವ ಬರಿದಲೆಯಲ್ಲಿ ಬಾಗಿಲ ಕಡೆ ತಿರುಗಿ ನಿಂತು, "ಇಷ್ಟ ದಿನಾ ಹಿಂಗ ನನಗ ಅಂತಿದ್ದಳು" ಎಂದರು. ಮುಂದೆ ಏನೋ ಹೇಳಲಿದ್ದರು, ಎಂದಿನಂತೆ ಪೂರ್ತಿ ಮಾಡಲಿಲ್ಲ.

ಮೊಟಕಿದ ಕೈಯನ್ನು ಅತ್ತೆ ನನ್ನ ತಲೆಯ ಮೇಲಿಂದ ತೆಗೆಯಲಿಲ್ಲ. ತುಟಿಗಳು ಮತ್ತೆ ಸೇರಿದವು. ಅಕ್ಷರ ಇನ್ನೂ ಪೂರ್ತಿಯಾಗಿರಲಿಲ್ಲ. ನಾನು ಏಳಲಿಲ್ಲ.